ತಾರೀಖಿಲ್ಲದ ಎಚ್ಚರಿಕೆ

ಕಂಪ್ಯೂಟರಿನಲ್ಲಿ ದೆವ್ವ ಹೊಕ್ಕಿಲ್ಲ, ಆಗುವುದೆಲ್ಲ ನಮ್ಮದೇ ತಪ್ಪು ಎಂದು ವಿದ್ಯಾರ್ಥಿಗಳ ತಲೆಗೆ ತುಂಬುತ್ತ ಬಂದವನು ನಾನು. ಇಂಥ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದೆ. ಈಗ ನಾನೇ ಹೇಳಬೇಕಾಗಿದೆ.

ಆಗ ಶಹಾಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಬಿಡುವಿನಲ್ಲಿ ಒಂದು ಪ್ರೋಗ್ರಾಮಿಂಗ್ ಭಾಷೆಯ ದಿನ-ವೇಳೆ ಲೆಕ್ಕ ಹಾಕುವ ಲೈಬ್ರರಿಗೆ, ಅಂದರೆ ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುವ ಸಿದ್ಧ ಕೋಡಿಗೆ, ಪುಕ್ಕಟೆ ದುಡಿಯುತ್ತಿದ್ದೆ. ಅದರೊಳಗಿನ ಫಂಕ್ಷನ್ ಎಂಬ ಹಳೆಯ ತುಣುಕೊಂದನ್ನು ತೆಗೆಯುವ ಮುಂಚೆ, ಅದನ್ನು ಬಳಸುವವರ ಪರದೆಯ ಮೇಲೆ ಎಚ್ಚರಿಕೆಯ ಒಂದು ಸಾಲು ಮೂಡಬೇಕು. ಆ ಸಾಲು ಬರೆಯುವುದು ನನ್ನ ಪಾಲಿನ ಕೆಲಸ. 'ಇದನ್ನು ಮುಂದೆ ತೆಗೆಯಲಾಗುವುದು' ಎಂಬರ್ಥದ ಇಂಗ್ಲಿಷ್ ವಾಕ್ಯ ಗೀಚಿ ಕೈತೊಳೆದುಕೊಂಡೆ. ಯಾವಾಗ ಎಂದಿಲ್ಲ, ಬದಲಿಗೆ ಏನು ಎಂದೂ ಇಲ್ಲ. ಕಾಲುವೆ ನೀರು ಕುಡಿದು ಬೆಳೆದವನು ಹಾಗೆ ಬರೆಯಬಾರದಿತ್ತು. ನಮ್ಮ ಕಡೆ ನೀರಿನ ಪಾಳಿಯ ಹಲಗೆಯ ಮೇಲೆ ಯಾರೂ 'ಮುಂದೆ' ಎಂದು ಬರೆಯುವುದಿಲ್ಲ. ಹೆಸರು, ವಾರ, ತಾಸು ಬರೆಯುತ್ತಾರೆ.

ಹತ್ತಿರದ ಹಳ್ಳಿಯ ನೀರು ಬಳಕೆದಾರರ ಸಂಘದಲ್ಲಿ ಶರಣಮ್ಮ ಎಂಬವರು ಗುಮಾಸ್ತೆಯಾಗಿದ್ದರು. ಪಾಳಿ ಪಟ್ಟಿ ತೆಗೆಯುವ ಪ್ರೋಗ್ರಾಂ ನಾನೇ ಮಾಡಿಕೊಟ್ಟದ್ದು. ಆ ಹಳೆಯ ಫಂಕ್ಷನ್ ಅದರಲ್ಲೂ ಇತ್ತು. ಮುಂದೆ ಬದಲಿಸಿದರಾಯಿತು ಎಂದು ಬಿಟ್ಟಿದ್ದೆ.

ಒಂದು ಮಧ್ಯಾಹ್ನ ಶರಣಮ್ಮ ನನ್ನನ್ನು ಸಂಘದ ಕಚೇರಿಗೆ ಕರೆಸಿದರು. ನನ್ನ ಎಚ್ಚರಿಕೆಯನ್ನು ಅಕ್ಷರ ಅಕ್ಷರವಾಗಿ ವಹಿಯಲ್ಲಿ ಇಳಿಸಿಕೊಂಡಿದ್ದರು. ಕೊನೆಗೆ ಒಂದು ತಾರೀಖಿತ್ತು.

"ಸರ, ಬರೂ ತಿಂಗಳ ಇಪ್ಪತ್ತೆರಡಕ್ಕ ತೆಗಿತಾರಂತ ಬಂದಾದ. ಆಮ್ಯಾಲ ನಮ್ಮ ಪಟ್ಟಿ ಹ್ಯಾಂಗ್ರಿ?"

"ಅದನ್ನ ಬರದಾವನೇ ನಾ. ತಾರೀಖು ಹಾಕೇ ಇಲ್ಲ. ಹಗಲಗನಸ ಕಂಡೀರೇನು ಶರಣಮ್ಮ?"

ಪ್ರೋಗ್ರಾಂ ಮತ್ತೆ ಓಡಿಸಿ ತೋರಿಸಿದೆ. ತಾರೀಖು ಬರಲಿಲ್ಲ. ಕೂತಿದ್ದ ರೈತರು ನಕ್ಕರು, ನಾನೂ ನಕ್ಕೆ. ಶರಣಮ್ಮ ವಹಿ ಮುಚ್ಚಿದರು.

ಎರಡು ವಾರದ ಮೇಲೆ ಲೈಬ್ರರಿಗೆ ದುಡಿಯುವ ಹತ್ತು ಜನ, ಹತ್ತು ದೇಶದಲ್ಲಿ ಕುಳಿತವರು, ಆ ಫಂಕ್ಷನ್ ತೆಗೆದ ಹೊಸ ಆವೃತ್ತಿಗೆ ದಿನ ಗೊತ್ತುಮಾಡಿದರು. ಅದೇ ಇಪ್ಪತ್ತೆರಡು. ಶರಣಮ್ಮನ ತಾರೀಖನ್ನು ನಾನು ಯಾರಿಗೂ ಹೇಳಿರಲಿಲ್ಲ. ಆಗಲಾದರೂ ಹೋಗಿ ಪ್ರೋಗ್ರಾಂ ಸರಿಮಾಡಬೇಕಿತ್ತು. ಹೋದರೆ ಆಕೆಯ ಮಾತು ಖರೆಯೆಂದು ಒಪ್ಪಿದಂತೆ. ಸೊಕ್ಕು ಬಿಡಲಿಲ್ಲ.

ಆ ದಿನ ಸಂಘದ ಕಂಪ್ಯೂಟರು ಹೊಸ ಆವೃತ್ತಿಯನ್ನು ತಾನೇ ಇಳಿಸಿಕೊಂಡಿತು, ಪಟ್ಟಿ ಬರಲಿಲ್ಲ. ಕಾಲುವೆ ಗೇಟಿನವನು ಹಿಂದಿನ ವಾರದ ಪಟ್ಟಿ ಹಿಡಿದು ನೀರು ಬಿಟ್ಟ. ತೆನೆ ಹಾಲುಗಟ್ಟುವ ಹೊತ್ತಿನಲ್ಲಿ ಕಾಲುವೆಯ ಕೊನೆಯ ಹೊಲಗಳಿಗೆ ಪಾಳಿ ತಪ್ಪಿತು. ಸಂಘದ ಸಭೆ ಸೇರಿ ಎಲ್ಲವನ್ನೂ ಶರಣಮ್ಮನ ಮೇಲೆ ಹಾಕಿ ಕೆಲಸದಿಂದ ತೆಗೆದರು. ನಾನು ಅದೇ ಕೋಣೆಯಲ್ಲಿದ್ದೆ, ಚಹಾ ಕುಡಿಯುತ್ತ.

ಆರು ತಿಂಗಳ ನಂತರ ಅವರ ಮನೆಗೆ ಹೋಗಿ, ಆ ತಾರೀಖು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅನೇಕ ರಾತ್ರಿ ಮೂಲ ಕೋಡನ್ನೆಲ್ಲ ಜಾಲಾಡಿದ್ದೆ. ಅದು ಎಲ್ಲಿಯೂ ಇರಲಿಲ್ಲ, ಇಂದಿಗೂ ಸಿಕ್ಕಿಲ್ಲ.

"ನನಗೇನ್ ಗೊತ್ರಿ ಸರ, ಕಂಡದ್ದು ಬರಕೊಂಡೆ," ಎಂದರು. ಆಮೇಲೆ ಸಿಟ್ಟಿಲ್ಲದೆ ಕೇಳಿದರು: "ಸಭಾದಾಗ ನೀವ್ಯಾಕ ಸುಮ್ಮ ಕುಂತ್ರಿ?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡೆ.