ಬಾಕಿ ಉಳಿದ ಹನ್ನೊಂದು ದಿನ

ಸುಚಿನ್ ಹುಟ್ಟಿದಾಗಿನಿಂದ ಗೋಡೆತುದಿಯಲ್ಲೇ ಮಲಗಿದವಳು. ಬಡಗಣ ಚಳಿಸೀಮೆಯ ಆ ಊರಿನ ಮನೆಗಳಲ್ಲಿ ಮಂಚವೆಂಬುದಿಲ್ಲ. ಕೋಣೆಯ ಉದ್ದಕ್ಕೂ ಮಣ್ಣಿಟ್ಟಿಗೆಯ ಒಂದು ಜಗಲಿ. ಅದರ ಹೊಟ್ಟೆಯೊಳಗೆ ಅಡುಗೆ ಒಲೆಯ ಹೊಗೆ ಹರಿಯಬೇಕು, ಮೇಲೆ ಮನೆಮಂದಿ ಸಾಲಾಗಿ ಮಲಗಬೇಕು. ಒಲೆಯ ಪಕ್ಕದ ತುದಿ ಬೆನ್ನು ಬೇಯುವಷ್ಟು ಬಿಸಿ. ಹೊಗೆ ಗೋಡೆತುದಿ ಮುಟ್ಟುವ ಹೊತ್ತಿಗೆ ಬಿಸಿಯೆನ್ನುವುದು ಹೆಸರಿಗಷ್ಟೇ. ತವರಿನಲ್ಲಿ ಒಲೆತುದಿ ಅಜ್ಜನದಾಗಿತ್ತು, ಆಮೇಲೆ ಅಣ್ಣಂದಿರದು. ಗಂಡನ ಮನೆಯಲ್ಲಿ ಅತ್ತೆ ಮಾವನದು. ಅವರು ಮಣ್ಣಿಗೆ ಹೋದ ಮೇಲೆ ಗಂಡ ತಿಂಗ್‌ಶಾನ್‌ನದು. ಮಾರ್ಚ್ ಬಂತೆಂದರೆ ಅವನೂ ಅಲ್ಲಿಂದ ಜಾಗ ಬಿಡುತ್ತಿದ್ದ. ಹೆಂಡತಿಗಲ್ಲ, ಬದನೆಗೆ.

ಹೊರಗೆ ನೆಲ ಮೊಣಕಾಲುದ್ದ ಹೆಪ್ಪುಗಟ್ಟಿರುವಾಗಲೇ ಬದನೆ, ಮೆಣಸಿನ ಬೀಜವನ್ನು ಮರದ ಪೆಟ್ಟಿಗೆಗೆ ಹಾಕಿ ಒಲೆತುದಿಯಲ್ಲಿಡದಿದ್ದರೆ, ಆ ಸೀಮೆಯ ಅಂಗೈಯಗಲದ ಬೇಸಿಗೆಯಲ್ಲಿ ಕಾಯಿ ಕಾಣುವುದಿಲ್ಲ. ಇದನ್ನು ಸುಚಿನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಣ್ಣು ಜರಡಿ ಹಿಡಿಯುವವಳು ಅವಳೇ, ಕುದುರೆ ಲದ್ದಿ ಬೆರೆಸುವವಳು ಅವಳೇ. ನೂಲಿನಂಥ ಸಸಿ ಬಾಗಬಾರದೆಂದು ಬಾಯಲ್ಲಿ ನೀರು ತುಂಬಿಕೊಂಡು ಮಂಜಿನಂತೆ ಉಗುಳುವವಳೂ ಅವಳೇ.

ಒಲೆತುದಿ ಅವಳಿಗೆ ಸಿಕ್ಕಿದ್ದು ಎರಡು ಬಾಣಂತನಗಳಲ್ಲಿ. ಮೊದಲನೆಯದು ಗಂಡು, ಮೂವತ್ತು ದಿನ ಪೂರ್ತಿ. ಎರಡನೆಯವಳು ಯಿಂಗ್ ಹುಟ್ಟಿದ್ದು ಅರವತ್ತೆರಡರ ಮಾರ್ಚಿನಲ್ಲಿ. ಅತ್ತೆ ನವಣೆ ಗಂಜಿಗೆ ಕೆಂಪು ಸಕ್ಕರೆ ಹಾಕಿ ತಂದು ಕೊಡುತ್ತಿದ್ದಳು. ಕೆಲಸಕ್ಕೆಂದು ಯಾರೂ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಬಿಸಿ ಸೊಂಟದಿಂದ ಏರಿ ನೆತ್ತಿಗೆ ಮುಟ್ಟುತ್ತಿತ್ತು. ಹತ್ತೊಂಬತ್ತನೆಯ ದಿನ ಅದೇ ಅತ್ತೆ ಪೆಟ್ಟಿಗೆಗಳನ್ನು ಹೊತ್ತು ತಂದಳು. ಹೆಣ್ಣು ತಾನೆ, ಇಷ್ಟು ಸಾಕು, ಬೀಜ ಕಾಯುವುದಿಲ್ಲ ಅಂದಳು. ಕೂಸಿನ ಸಮೇತ ಗೋಡೆತುದಿಗೆ ಸರಿದವಳ ಸೊಂಟಕ್ಕೆ ಅಂದು ಹೊಕ್ಕ ಥಂಡಿ ಮತ್ತೆ ಹೊರಡಲಿಲ್ಲ.

ಬಾಣಂತನದಲ್ಲಿ ಹತ್ತಿದ ಬೇನೆ ಇನ್ನೊಂದು ಬಾಣಂತನದಲ್ಲೇ ಬಿಡಬೇಕು ಎಂಬುದು ಅಲ್ಲಿಯ ಹೆಂಗಸರ ನಂಬಿಕೆ. ಸುಚಿನ್‌ಗೆ ಮೂರನೆಯದು ನಿಲ್ಲಲಿಲ್ಲ. ಬೇರೆಯವರು ಸತ್ತವರಿಗಾಗಿ, ದೂರ ಹೋದವರಿಗಾಗಿ ಹಂಬಲಿಸಿದರೆ ಇವಳು ಇಪ್ಪತ್ತೆರಡು ವರ್ಷ ಆ ಹನ್ನೊಂದು ದಿನಕ್ಕಾಗಿ ಹಂಬಲಿಸಿದಳು. ಊರೆಲ್ಲ ಕೂಡಿ ದುಡಿಯುವ ಕಮ್ಯೂನಿನ ಹೊಲದಲ್ಲಿ ಸಾಲು ಕೆದಕುವಾಗಲೂ ಅದೇ ಧ್ಯಾನ. ಹೇಳಿಕೊಂಡರೆ ಯಾರು ನಗದೆ ಇರುತ್ತಾರೆ? ಹೇಳಿಕೊಳ್ಳಲಿಲ್ಲ.

ಇಪ್ಪತ್ತೆರಡನೆಯ ವರ್ಷದ ಚಳಿಗಾಲ ಯಿಂಗ್ ಹೆತ್ತಳು. ನೋಡಲು ಹೋದರೆ ಮಗಳು ಬೀಗರ ಮನೆಯ ಒಲೆತುದಿಯಲ್ಲಿ ಕೆಂಪಗೆ ಬೆಂದುಕೊಂಡು ಮಲಗಿದ್ದಳು. ಒಂದು ದಿನವೂ ಕಡಿಮೆಯಿಲ್ಲದೆ ತಿಂಗಳು ಮುಗಿಸುತ್ತಿದ್ದಳು. ಹೆತ್ತ ಮಗಳ ಮೇಲೆ ಸುಚಿನ್‌ಗೆ ಹೊಟ್ಟೆ ಉರಿಯಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಎರಡನ್ನೂ ಹೊತ್ತುಕೊಂಡೇ ಮನೆಗೆ ಬಂದಳು. ಒಲೆತುದಿಯಲ್ಲಿ ಆರು ಪೆಟ್ಟಿಗೆ. ಬದನೆ ಆಗತಾನೇ ಕತ್ತು ಎತ್ತಿತ್ತು. ಒಂದೊಂದಾಗಿ ಆರನ್ನೂ ಗೋಡೆತುದಿಗೆ ಸಾಗಿಸಿದಳು. ಹಾಸಿಗೆ ಬಿಡಿಸಿ ಒಲೆತುದಿಯಲ್ಲಿ ಕಾಲು ಚಾಚಿದಳು.

ಮಧ್ಯಾಹ್ನ ಒಳಗೆ ಬಂದ ತಿಂಗ್‌ಶಾನ್ ಮೊದಲು ಪೆಟ್ಟಿಗೆ ನೋಡಿದ, ಆಮೇಲೆ ಹೆಂಡತಿಯನ್ನು.

"ಮೈಗೆ ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಬಾಣಂತನ ಮುಗಿಸ್ತಿದೀನಿ. ಹನ್ನೊಂದು ದಿನ ಬಾಕಿ ಐತೆ."

"ಲೇ, ನಿಂಗೆ ನಲವತ್ತೆಂಟು ವರ್ಷ ಕಣೇ."

"ನಿನ್ ಬದ್ನೇಗೆ ಮೂರು ದಿನ. ಹಿರಿಯರು ಒಲೆ ಕಡೆ ಮಲಗೋದು ತಾನೆ ನಿಮ್ಮನೆ ಪದ್ಧತಿ?"

ಸಂಜೆ ಅಡುಗೆಗೆ ಏಳುತ್ತಾಳೆ ಅಂದುಕೊಂಡ. ಏಳಲಿಲ್ಲ. ಒಲೆ ಅವನೇ ಉರಿಸಬೇಕಾಯಿತು. ಒಂದು ಘೋಷಣೆಯಿಲ್ಲ, ಬಾವುಟವಿಲ್ಲ, ಮಲಗಿದಲ್ಲೇ ಧರಣಿ. ಮರುದಿನ ಬುದ್ಧಿ ಹೇಳಿಸಲು ಪಕ್ಕದ ಮನೆಯ ಷಿ ಅಜ್ಜಿಯನ್ನು ಕರೆತಂದ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹತ್ತೊಂಬತ್ತನೇ ದಿನದ ಮಾತು ಕಿವಿಗೆ ಬಿದ್ದದ್ದೇ ನಗು ನಿಂತಿತು.

"ನಿನ್ನ ಹತ್ತೊಂಬತ್ತಕ್ಕಾದ್ರೂ ಎಬ್ಬಿಸಿದ್ಲು. ನನ್ನ ಹನ್ನೆರಡಕ್ಕೇ ಎಬ್ಬಿಸಿದ್ರು," ಅಂದವಳು ಮನೆಗೆ ಹೋಗಿ ಎಂಟು ಮೊಟ್ಟೆ ತಂದು ತಿಂಗ್‌ಶಾನ್‌ನ ಕೈಗಿಟ್ಟಳು. ಗಂಜಿ ಗಟ್ಟಿಯಾಗದಂತೆ ನೋಡಿಕೋ ಎಂದು ಹೇಳಿ ಹೊರಟಳು.

ಬಿಸಿ ಸೊಂಟಕ್ಕೇರಿತು, ನೆತ್ತಿಗೂ ಏರಿತು, ನೆನಪಿದ್ದಂತೆಯೇ. ಆದರೆ ಪಕ್ಕಕ್ಕೆ ಹೊರಳಿದರೆ ಅಂಗೈಗೆ ಬರೀ ಚಾಪೆ ಸಿಗುತ್ತಿತ್ತು. ಇಷ್ಟು ವರ್ಷದ ಹಂಬಲದಲ್ಲಿ ಮೊಲೆಹಾಲಿನ ವಾಸನೆಯ ಒಂದು ಕೂಸೂ ಸೇರಿಕೊಂಡಿತ್ತೆಂದು ಅವಳಿಗೆ ಆಗ ತಿಳಿಯಿತು. ಅದನ್ನು ಯಾವ ಒಲೆ ಉರಿಸಿ ತರುವುದು?

ಆರನೆಯ ದಿನದಿಂದ ಬದನೆ ಬುಡ ಕೊಳೆತು ಅಡ್ಡ ಬೀಳತೊಡಗಿತು. ತಿಂಗ್‌ಶಾನ್ ಬಯ್ಯಲಿಲ್ಲ. ಸತ್ತ ಸಸಿಗಳನ್ನು ಅಂಗೈ ಮೇಲಿಟ್ಟು ತಂದು ಅವಳ ಮುಖದ ಮುಂದೆ ಹಿಡಿದು ಹೋಗುತ್ತಿದ್ದ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಇಪ್ಪತ್ತಕ್ಕೂ ಹೆಚ್ಚು ಮಾರ್ಚುಗಳಲ್ಲಿ ಸುಚಿನ್‌ಳ ಬಾಯಿನೀರು ಕುಡಿದು ಬೆಳೆದ ಜಾತಿ ಅದು. ಎಂಟನೆಯ ದಿನ ತಡೆಯಲಾರದೆ ಎದ್ದಳು. ಗೆದ್ದೆನೆಂದುಕೊಂಡು ಗಂಡ ಪೆಟ್ಟಿಗೆಗೆ ಕೈ ಹಾಕಿದ. ಅವಳು ಆರಕ್ಕೂ ನೀರುಗುಳಿದಳು, ಬಾಯೊರೆಸಿಕೊಂಡಳು, ವಾಪಸು ಬಂದು ಮಲಗಿದಳು.

ಅಂದು ಅವನು ತನ್ನ ಹತ್ತಿಯ ಕೋಟನ್ನು ಪೆಟ್ಟಿಗೆಗಳಿಗೆ ಹೊದಿಸಿ, ಉಳಿದ ಮೂರು ದಿನ ಹೇಳಿಸಿಕೊಳ್ಳದೆ ತಾನೇ ಗಂಜಿ ಕಾಯಿಸಿದ. ಗಂಜಿ ತಳ ಹತ್ತಿತ್ತು. ಅವಳು ತಳದ ಸಮೇತ ತಿಂದಳು.

ಹನ್ನೆರಡನೆಯ ಬೆಳಿಗ್ಗೆ ಎದ್ದು ಪೆಟ್ಟಿಗೆಗಳನ್ನು ಅವಳೇ ಒಲೆತುದಿಗೆ ಹೊತ್ತು ತಂದಳು. ಮೆಣಸು ಅರ್ಧ ಉಳಿದಿತ್ತು. ಬದನೆ ಒಂದೂ ಇಲ್ಲ. ಬೀಜ ಮತ್ತೆ ಹಾಕಲು ಕಾಲ ಮೀರಿತ್ತು. ಸೊಂಟದ ನೋವು ಹೋಯಿತೇ ಎಂದು ಗಂಡ ಕೇಳಿದ. ಇಲ್ಲ ಅಂದಳು. ಹೋಯಿತೆಂದು ಸುಳ್ಳು ಹೇಳಿ ಅವನಿಗೆ ಸಮಾಧಾನ ಮಾಡುವ ದರ್ದು ಅವಳಿಗಿರಲಿಲ್ಲ.

ಮೇ ತಿಂಗಳ ಸಂತೆಗೆ ಇಬ್ಬರೂ ಮೆಣಸಿನ ಸಸಿ ಹೊತ್ತು ಹೋದರು. ವರ್ಷವೂ ಬದನೆ ಸಸಿ ಒಯ್ಯುತ್ತಿದ್ದ ದಪ್ಪ ಹೆಂಗಸೊಬ್ಬಳು, ಈ ಸಲ ಯಾಕಪ್ಪಾ ಇಲ್ಲ ಎಂದು ಕೇಳಿದಳು. ಸುಚಿನ್ ಹಿಂದೆ ಕುಳಿತು ಸಸಿಯ ಬೇರಿಗೆ ಒದ್ದೆ ಹುಲ್ಲು ಸುತ್ತುತ್ತಿದ್ದಳು. ಗಂಡ ಏನು ನೆವ ಹೇಳುತ್ತಾನೋ, ಬೀಜದ ಮೇಲೆ ಹಾಕುತ್ತಾನೋ ಚಳಿಯ ಮೇಲೆ ಹಾಕುತ್ತಾನೋ ಎಂದು ಕಿವಿಗೊಟ್ಟಳು.

"ಮನೆಯೋಳು ಬಾಣಂತನದಲ್ಲಿದ್ಲು," ಅಂದ ತಿಂಗ್‌ಶಾನ್. "ಜಾಗ ಇರ್ಲಿಲ್ಲ."

ದಪ್ಪ ಹೆಂಗಸು ಸುಚಿನ್‌ಳ ನರೆತ ತಲೆಯನ್ನು ನೋಡಿ ಕಿಸಕ್ಕೆಂದಳು. "ಈ ವಯಸ್ಸಲ್ಲಾ? ಗಂಡೋ ಹೆಣ್ಣೋ?"

"ಹೆಣ್ಣು," ಅಂದ ಅವನು, ನಗದೆ. "ಇಪ್ಪತ್ತೆರಡು ವರ್ಷ ಆಯ್ತು."