ಕಾಲು ಮಡಚುವ ಹೊತ್ತು

ಆ ಮಧ್ಯಾಹ್ನ ನನ್ನನ್ನು ಇನ್ನೂ ಬಿಟ್ಟಿಲ್ಲ. ಪಾಠ ಮಾಡುವಾಗ, ರೊಟ್ಟಿ ಬಡಿಯುವಾಗ, ಸಲೈನಿನ ಕಬ್ಬಿಣದ ಸ್ಟ್ಯಾಂಡು ಒಬ್ಬಳ ತಲೆಯ ಮೇಲೆ ಎದ್ದು ನಿಂತದ್ದು ಕಾಣುತ್ತದೆ. ಅದು ಕೆಳಗೆ ಬರಲಿಲ್ಲ ಎಂದು ಗೊತ್ತಿದ್ದರೂ ಮೈ ಮುದುಡುತ್ತದೆ.

ಅವ್ವನಿಗೆ ಜ್ವರ ಬಂದು ಆಳಂದದ ಸಣ್ಣದೊಂದು ಆಸ್ಪತ್ರೆಗೆ ಸೇರಿಸಿದ್ದೆ. ಪಕ್ಕದ ಮಂಚದಲ್ಲಿ ಕೊರಳಲ್ಲಿ ಲಿಂಗವಿದ್ದ ನಿಂಬರ್ಗಾದ ಮುದುಕಿಯೊಬ್ಬಳಿದ್ದಳು. ಅವಳ ಹೃದಯ ಸೋತಿತ್ತು. ವಾರ್ಡಿಗೆ ಒಬ್ಬಳೇ ನರ್ಸು, ಜೇವರ್ಗಿ ಕಡೆಯ ಒಕ್ಕಲುತನದ ಮನೆಯ ಹುಡುಗಿ.

ಹಿಂದಿನ ದಿನ ಅವಳು ಅವ್ವನ ಬಿ.ಪಿ. ನೋಡುತ್ತ ನಕ್ಕಿದ್ದಳು. "ನಾ ನರ್ಸಿಂಗ್ ಸೇರಿದಾಗ ನಮ್ಮಪ್ಪ ಬೀಗರ ಮುಂದ, ಮಗಳು ಬಿ.ಎ. ಓದಾಕತ್ತಾಳ ಅಂತ ಹೇಳ್ತಿದ್ದರಿ. ಈಗ ಅದೇ ಬೀಗರು ಕೆಮ್ಮು ಬಂದ್ರೂ ನನಗೇ ಫೋನ್ ಹಚ್ತಾರ!"

"ಹೇಳದ ಏನ್ ಮಾಡ್ತಾನವ್ವಾ?" ಎಂದಳು ಅವ್ವ. "ಕಂಡವರ ಮೈ ಮುಟ್ಟೋ ಕೆಲಸ ಅಂತ ಹೆಣ್ಣ ಕೇಳಾಕ ಬರ್ತಿದ್ದಿಲ್ಲ ಮಂದಿ."

ನಾನು ಸಣ್ಣವಳಿದ್ದಾಗ ನಮ್ಮ ಕಡೆ ನರ್ಸು ಎಂದರೆ ಕೇರಳದವರು. ನಮ್ಮ ಮುತ್ಯಾ ಅಫಜಲಪುರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಂಥ ಒಬ್ಬ ಸಿಸ್ಟರ್ ಅವನ ಕಾಲುಗಳನ್ನು ನೀಟಾಗಿ ಚಾಚಿ, ಹೆಬ್ಬೆರಳು ಜೋಡಿಸಿ ಕಟ್ಟಿ, ಕಣ್ಣೀರು ಒರೆಸಿಕೊಂಡಿದ್ದಳು. ಅವಳು ಕಲಿತದ್ದು ಹಾಗೆ. ನಮ್ಮ ಲಿಂಗಾಯತರು ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆಂದು ಅವಳಿಗೆ ಯಾರು ಹೇಳಿದ್ದರು? ಊರಿಗೆ ತರುವಷ್ಟರಲ್ಲಿ ದೇಹ ಸೆಟೆದಿತ್ತು. ಬಿಸಿನೀರು ಹಾಕಿ ಮೊಣಕಾಲು ಮಡಚುವಾಗ ಅವನ ಹೆಂಡತಿ, ನಮ್ಮ ಅಜ್ಜಿ, ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದಳು. ಆದರೂ ಆ ಸಿಸ್ಟರನ್ನು ಯಾರೂ ಬೈಯಲಿಲ್ಲ.

ನಿಂಬರ್ಗಾದ ಮುದುಕಿ ಸತ್ತದ್ದು ಊಟದ ಹೊತ್ತಿಗೆ. ನರ್ಸು ಎದೆ ಒತ್ತಿದಳು, ಡಾಕ್ಟರು ಓಡಿ ಬಂದು ನೋಡಿದರು, ಆಗಲಿಲ್ಲ. ಡಾಕ್ಟರು ಹೆರಿಗೆ ಕೋಣೆಗೆ ವಾಪಸಾದ ಮೇಲೆ ಮಗ ಬಂದ. ಹಿಂದೆ ಮಂದಿ. ಬಾಗಿಲಿನ ಗಾಜು ಒಡೆಯಿತು.

"ಏ ನರ್ಸಬಾಯಿ! ಏನ್ ಸೂಜಿ ಚುಚ್ಚಿದಿ? ನೀನ ಕೊಂದಿ ನಮ್ಮವ್ವನ್ನ!"

ಅವನು ಸ್ಟ್ಯಾಂಡು ಎತ್ತಿದ. ನರ್ಸಿನ ಬೆನ್ನು ಗೋಡೆಗೆ ತಾಗಿತ್ತು. ನಾನು ಅವ್ವನ ಮೇಲೆ ಬಾಗಿಕೊಂಡೆ.

"ಅಣ್ಣಾ, ನನ್ನ ಆಮ್ಯಾಲೆ ಹೊಡಿರಿ," ಎಂದಳು ಅವಳು. ದನಿ ಒಡೆದಿತ್ತು. "ಮೊದ್ಲ ಆಯಿ ಕಾಲು ಮಡಚೋಣು ಬರ್ರಿ. ಸೆಟದ್ರ ಹ್ಯಾಂಗ ಕೂಡಸ್ತೀರಿ?"

ಹಿಂದಿನಿಂದ ಒಬ್ಬ ಮುದುಕಿ, ಸತ್ತವಳ ತಂಗಿ, ಮಂದಿಯನ್ನು ತಳ್ಳಿಕೊಂಡು ಬಂದಳು. "ಕೆಳಗ ಇಡಲೇ ಅದನ್ನ! ಖರೇನ ಹೇಳಾಕತ್ತಾಳ ನರ್ಸಬಾಯಿ. ಇದ್ದಾಗ ಕಾಲು ಒತ್ತಲಿಲ್ಲ, ಈಗರ ಹಿಡಿ."

ಅವನು ಹಿಡಿದ. ನರ್ಸು ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿದಳು, ತಂಗಿ ತಲೆ ಆನಿಸಿಕೊಂಡಳು. ಬ್ಯಾಂಡೇಜಿನ ಬಟ್ಟೆಯಿಂದ ಮೊಣಕಾಲು ಕಟ್ಟಿ, ಎಡ ಅಂಗೈ ಮೇಲೆ ಕೊರಳಿನ ಲಿಂಗ ಇಟ್ಟರು. ಹೆತ್ತವಳ ಪಾದ ಕೈಯಲ್ಲಿದ್ದಂತೆಯೇ ಆ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಅವನ ಮೇಲೂ ನನಗೆ ಸಿಟ್ಟು ಉಳಿಯಲಿಲ್ಲ.

ಜೀಪಿನಲ್ಲಿ ಕೂಡಿಸಿ ಒಯ್ದರು. ಅವನು ಕ್ಷಮೆ ಕೇಳಲಿಲ್ಲ. ಅವಳು ಮಾತ್ರ, "ಎಡಕ್ಕ ಗಟ್ಟಿ ಹಿಡ್ಕೋರಿ, ತೆಗ್ಗಿನ್ಯಾಗ ವಾಲ್ತಾರ," ಎಂದು ಕೂಗಿ ಹೇಳಿದಳು.

ಆಮೇಲೆ ನಮ್ಮ ಮಂಚದ ಅಂಚಿಗೆ ಬಂದು ಕೂತಳು. ಅವ್ವ ಕೊಟ್ಟ ನೀರಿನ ಲೋಟ ತೆಗೆದುಕೊಂಡಳು.

ನಾನು ಕೇಳಬಾರದಾಗಿತ್ತು, ಕೇಳಿಬಿಟ್ಟೆ. "ಅವರು ಮಲಗಿಸಿ ಒಯ್ಯೋ ಮಂದಿ ಆಗಿದ್ರ?"

"ಹೊಡೀತಿದ್ದರಕ್ಕಾ," ಎಂದಳು. ನೀರು ಮುಗಿಸಿ ಎದ್ದು, ಮುಂದಿನ ಮಂಚದವಳಿಗೆ ಸೂಜಿಯ ಹೊತ್ತಾಗಿದೆ ಎಂದು ಹೋದಳು.