ಸೆರಗಿನಿಂದ ಮೂಗು ಮುಚ್ಚಿಕೊಂಡು ಬಿಸಿ ಮಾಡಿದ ಸಾರು

ಮಾಂಸ ಕೆಟ್ಟಿದೆಯೋ ಇಲ್ಲವೋ ಎಂದು ಹೇಳುವುದಕ್ಕೆ ನನ್ನಷ್ಟು ಅಯೋಗ್ಯರು ಇಳಕಲ್ಲಿನ ನಮ್ಮ ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ. ಹುಟ್ಟಿದ್ದು ಲಿಂಗ ಕಟ್ಟಿಕೊಂಡವರ ಮನೆಯಲ್ಲಿ. ಮೊಟ್ಟೆ ಒಡೆದ ವಾಸನೆಗೂ ತಲೆ ತಿರುಗುವ ಹೆಂಗಸು ನಾನು. ಶಾಲೆಯಲ್ಲಿ ಕಲಿಸುವವಳೆಂದು ಓಣಿಯವರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಾರೆ. ಎಲ್ಲ ಗೊತ್ತಿರುವವಳೆಂದೂ ತಿಳಿದಿದ್ದಾರೆ.

ಪಕ್ಕದ ಮನೆಯ ಗೆಳತಿ ಸೀರೆ ನೇಯುವವಳು. ಆ ಬೇಸಿಗೆಯಲ್ಲಿ ಅವಳ ಗಂಡ ಆಪರೇಷನ್ ಆಗಿ ಬಾಗಲಕೋಟೆಯ ಆಸ್ಪತ್ರೆಯಲ್ಲಿದ್ದ. ದಿನಾ ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಮನೆಯಲ್ಲಿ ಅವಳ ಅತ್ತೆ ಒಬ್ಬರೇ. ನಾವೆಲ್ಲ ಅವರನ್ನು ಆಯಿ ಎನ್ನುತ್ತಿದ್ದೆವು. ಹತ್ತು ದಿನದ ಜ್ವರ ಬಿಟ್ಟು ಬಾಯಿಗೆ ರುಚಿ ಹತ್ತಿದಾಗ ಆಯಿ ಕೇಳಿದ್ದೇ ಮಟನ್ ಸಾರು.

ನಾನು ಹುನಗುಂದದಲ್ಲಿ ಸರ್ವೆ ಡ್ಯೂಟಿ ಮುಗಿಸಿ, ಬಿಸಿಲು ತಲೆಗೇರಿ, ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಗೆಳತಿಯ ಫೋನು ಬಂತು.

"ಅಕ್ಕಾ, ನಿನ್ನೆ ಸಂಜಿಗೆ ಮಾಡಿದ ಸಾರೈತಿ. ಮುಂಜಾನಿ ಕುದಿಸಿ ಇಟ್ಟ ಬಂದೇನಿ. ಆಯಿಗೆ ಬಿಸಿ ಮಾಡಿ ಕೊಡ್ತಿಯೇನು? ವಾಸನಿ ನೋಡು. ಕೆಟ್ಟಿದ್ರ ಚೆಲ್ಲಿಬಿಡು."

ಅವರಲ್ಲಿ ಫ್ರಿಜ್ ಇರಲಿಲ್ಲ. ನಾಲ್ಕು ಹೆಜ್ಜೆ ದೂರದ ನಮ್ಮ ಮನೆಯಲ್ಲಿತ್ತು. ಅವಳ ಹಾಲು, ಹಿಟ್ಟು, ಹೂವು ಎಲ್ಲ ನಮ್ಮಲ್ಲೇ ಇರುತ್ತಿದ್ದವು. ಮಾಂಸ ಇಡಲೇ ಎಂದು ಮಾತ್ರ ಅವಳು ಕೇಳಿದವಳಲ್ಲ, ಇಡು ಎಂದು ನಾನು ಹೇಳಿದವಳಲ್ಲ.

ಅವರ ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಯ ಮುಚ್ಚಳ ತೆಗೆದೆ. ವಾಸನೆ ಗಪ್ಪೆಂದು ಬಡಿಯಿತು. ಇದು ಕೆಟ್ಟ ಮಾಂಸದ ವಾಸನೆಯೋ, ಬರೀ ಮಾಂಸದ ವಾಸನೆಯೋ? ಅನ್ನ ಹಳಸಿದ್ದರೆ ಬಾಗಿಲಲ್ಲೇ ನಿಂತು ಹೇಳಬಲ್ಲೆ; ಇದರಲ್ಲಿ ನನಗೆ ಎರಡೂ ಒಂದೇ. ಪಾತ್ರೆಯ ಅಂಚಿನಲ್ಲಿ ಸಣ್ಣಗೆ ನೊರೆ ಎದ್ದಿತ್ತು. ಬೇಳೆ ಸಾರಾಗಿದ್ದರೆ ಹಿಂದೆ ಮುಂದೆ ನೋಡದೆ ಚೆಲ್ಲುತ್ತಿದ್ದೆ. ಇದನ್ನು ಚೆಲ್ಲಿದರೆ, ಅಕ್ಕೋರಿಗೆ ಹೇಸಿಗೆ ಬಂತು, ಅದಕ್ಕೇ ಕೆಟ್ಟಿದೆ ಅಂದರು ಎಂದುಕೊಂಡಾರು. ಇಷ್ಟು ವರ್ಷದ ಒಡನಾಟ. ಹೆಚ್ಚು ಯೋಚಿಸುವ ತ್ರಾಣವೂ ಇರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಗ್ಯಾಸ್ ಹಚ್ಚಿದೆ.

ಆಯಿ ತಾಟಿನ ಮುಂದೆ ಕೂತು, "ಚಲೋ ಐತೇನ್ರಿ ಅಕ್ಕೋರ?" ಎಂದರು.

"ಚಲೋ ಐತಿ ಆಯಿ, ಉಣ್ರಿ," ಎಂದೆ.

ಮೊದಲ ತುತ್ತಿಗೆ ಅವರು ನನ್ನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ, ರೊಟ್ಟಿ ಮುರಿದು ಅದ್ದಿ, ಬಟ್ಟಲು ಖಾಲಿ ಮಾಡಿದರು.

ಗೆಳತಿ ಬರುವ ಹೊತ್ತಿಗೆ ವಾಂತಿ ಶುರುವಾಗಿತ್ತು. ಆಯಿಗೆ ಇಲ್ಲೇ ಊರಿನ ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್ ಹಚ್ಚಿದರು. ಗಂಡ ಅಲ್ಲಿ, ಅತ್ತೆ ಇಲ್ಲಿ, ನಡುವೆ ಓಡಾಡಿ ಗೆಳತಿ ಸೊರಗಿಹೋದಳು. ನನಗೊಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿದ್ದೆ.

ಮೂರನೆಯ ದಿನ ತಡೆಯಲಾಗದೆ ಆಯಿಯ ಮುಂದೆ ಹೇಳಿಬಿಟ್ಟೆ. "ನನಗ ಸಂಶಯ ಬಂದಿತ್ರಿ ಆಯಿ. ಬಾಯಿ ಬಿಡಲಿಲ್ಲ. ತಪ್ಪಾತು."

ಆಯಿ ನನ್ನ ಕೈ ಹಿಡಿದುಕೊಂಡರು. "ಮೊದಲನೇ ತುತ್ತಿಗೇ ನನಗ ಗೊತ್ತಾತು, ಹುಳಿ ಬಂದಿತ್ತು. ಜಲ್ಮದಾಗ ಮಾಂಸ ಮುಟ್ಟದವರು ನೀವು, ನನ್ನ ಸಲುವಾಗಿ ಕೈಯಾರೆ ಬಿಸಿ ಮಾಡಿ ನೀಡೀರಿ. ತಾಟ ಹೆಂಗ ಸರಸ್ಲಿ?"

ಅಲ್ಲೇ ಕೂತು ಅತ್ತುಬಿಟ್ಟೆ. ನಾಚಿಕೆಗೂ ಅತ್ತೆ, ದಣಿವಿಗೂ ಅತ್ತೆ.

ಮನೆಗೆ ಬಂದು ಫ್ರಿಜ್ಜಿನ ಕೆಳಗಿನ ಖಾನೆ ಪೂರ್ತಿ ಖಾಲಿ ಮಾಡಿದೆ. ಇನ್ನು ಮೇಲೆ ಮಟನ್ ಇದ್ದರೂ ಇಲ್ಲೇ ತಂದಿಡು ಎಂದು ಗೆಳತಿಗೆ ಬಾಯಿಬಿಟ್ಟು ಹೇಳಿದೆ. "ಆತಕ್ಕಾ," ಎಂದಳು. ಎರಡು ವರ್ಷವಾಯಿತು. ಆ ಖಾನೆಯಲ್ಲಿ ಅವಳು ಹಾಲನ್ನಷ್ಟೇ ಇಡುತ್ತಾಳೆ.